ಕಲ್ಲಿನ ಪುಡಿ ಕಲಿಸಿದ ಪಾಠ



ಇದ್ದಿಲಿನ ಒಲೆ ಹೊತ್ತಿಸಿದವರಿಗೆ ಗೊತ್ತು, ಅದು ಸುಲಭದ ಕೆಲಸವಲ್ಲ. ಕಾಗದ ಉರಿಸಬೇಕು, ಸೀಮೆಎಣ್ಣೆ ಚಿಮುಕಿಸಬೇಕು, ಬೀಸಣಿಗೆಯಿಂದ ಗಾಳಿ ಹಾಕುತ್ತಲೇ ಇರಬೇಕು. ಆಗ ಎಲ್ಲೋ ಒಂದು ಮೂಲೆಯಲ್ಲಿ ಕೆಂಪಗೆ ಕಾಣಿಸಿಕೊಳ್ಳುತ್ತದೆ. ಕಲ್ಲಿದ್ದಲೂ ಹಾಗೆಯೇ. ಒಂದು ಗಟ್ಟಿಗೆ ಬೆಂಕಿಕಡ್ಡಿ ಹಿಡಿದರೆ ಕಡ್ಡಿ ಆರಿಹೋಗುತ್ತದೆ, ಕಲ್ಲಿದ್ದಲಿಗೆ ಏನೂ ಆಗುವುದಿಲ್ಲ.

ಅದೇ ಕಲ್ಲಿದ್ದಲನ್ನು ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯವಾಗಿ ಅರೆದು ಗಾಳಿಯಲ್ಲಿ ತೂರಿ ಬೆಂಕಿ ತೋರಿಸಿದರೆ ಅದು ನಿಧಾನವಾಗಿ ಉರಿಯುವುದಿಲ್ಲ, ಸಿಡಿಯುತ್ತದೆ. (ಇದನ್ನು ಯಾರೂ ಮನೆಯಲ್ಲಾಗಲಿ ಪ್ರಯೋಗಾಲಯದಲ್ಲಾಗಲಿ ಪರೀಕ್ಷಿಸಿ ನೋಡಬಾರದು.) ವಸ್ತು ಒಂದೇ. ಒಂದು ರೂಪದಲ್ಲಿ ಹೊತ್ತಿಕೊಳ್ಳಲು ಸತಾಯಿಸುವ ಇದ್ದಿಲು, ಇನ್ನೊಂದು ರೂಪದಲ್ಲಿ ನೂರಾರು ಜನರನ್ನು ಕೊಲ್ಲುತ್ತದೆ. ಈ ಸಂಗತಿಯನ್ನು ಒಂದು ದೇಶದ ಸರ್ಕಾರ ಹೇಗೆ ಪ್ರಯೋಗದ ಮೂಲಕ ಸಾಬೀತು ಮಾಡಿತು, ಅದಕ್ಕೆ ಎಷ್ಟು ಅಗ್ಗದ ಮದ್ದು ಕಂಡುಹಿಡಿಯಿತು, ಮದ್ದು ಗೊತ್ತಿದ್ದ ಮೇಲೂ ಜನ ಏಕೆ ಸತ್ತರು ಎಂಬುದೇ ಈ ಸಂಚಿಕೆಯ ಪಾಠ.

ಮೇಲ್ಮೈಯ ಲೆಕ್ಕ

ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದಲ್ಲಿ ಕ್ರಿಯೆಯ ವೇಗದ ಬಗ್ಗೆ ಓದುತ್ತೀರಿ. ಘನವಸ್ತುವಿನ ಮೇಲ್ಮೈ ಹೆಚ್ಚಿದಷ್ಟೂ ಕ್ರಿಯೆ ವೇಗವಾಗುತ್ತದೆ ಎಂಬುದು ಅಲ್ಲಿಯ ಒಂದು ವಾಕ್ಯ. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬರುವ ವಾಕ್ಯ. ಅದರ ಹಿಂದಿನ ಲೆಕ್ಕವನ್ನು ನೋಡೋಣ.

ಪ್ರತಿ ಅಂಚೂ 1 ಸೆಂ.ಮೀ. ಇರುವ ಕಲ್ಲಿದ್ದಲಿನ ಒಂದು ಘನವನ್ನು ತೆಗೆದುಕೊಳ್ಳಿ. ಆರು ಮುಖಗಳು, ಒಟ್ಟು ಮೇಲ್ಮೈ 6 ಚದರ ಸೆಂ.ಮೀ. ಇದನ್ನು 0.1 ಮಿ.ಮೀ. ಅಂಚಿನ ಪುಟ್ಟ ಘನಗಳಾಗಿ ಕತ್ತರಿಸಿದರೆ ಹತ್ತು ಲಕ್ಷ ತುಣುಕುಗಳಾಗುತ್ತವೆ, ಮೇಲ್ಮೈ 600 ಚದರ ಸೆಂ.ಮೀ. ಆಗುತ್ತದೆ. ಇನ್ನೂ ಹತ್ತು ಪಟ್ಟು ಸಣ್ಣದಾಗಿಸಿದರೆ 6,000 ಚದರ ಸೆಂ.ಮೀ. ಕಲ್ಲಿದ್ದಲಿನ ತೂಕ ಒಂದು ಗ್ರಾಮಿನಷ್ಟೂ ಹೆಚ್ಚಿಲ್ಲ, ಆಮ್ಲಜನಕ ಮುಟ್ಟುವ ಜಾಗ ಮಾತ್ರ ಸಾವಿರ ಪಟ್ಟು ಹೆಚ್ಚಿದೆ. ಅಷ್ಟೂ ಜಾಗದಲ್ಲಿ ಒಂದೇ ಸಲ ದಹನ ನಡೆದರೆ ಬಿಡುಗಡೆಯಾಗುವ ಶಾಖಕ್ಕೆ ಹೊರಹೋಗಲು ಸಮಯವಿಲ್ಲ. ಗಾಳಿ ಹಠಾತ್ತನೆ ಹಿಗ್ಗುತ್ತದೆ. ಮುಚ್ಚಿದ ಸುರಂಗದಲ್ಲಿ ಹಾಗೆ ಹಿಗ್ಗುವುದನ್ನೇ ನಾವು ಸ್ಫೋಟ ಎನ್ನುತ್ತೇವೆ.

1907ರ ಡಿಸೆಂಬರ್

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಮೊನೊಂಗಾ ಎಂಬ ಊರಿನ ಕಲ್ಲಿದ್ದಲು ಗಣಿಯಲ್ಲಿ 1907ರ ಡಿಸೆಂಬರ್ 6ರಂದು ಸ್ಫೋಟವಾಯಿತು. ಅಧಿಕೃತ ಲೆಕ್ಕದ ಪ್ರಕಾರ ಸತ್ತವರು 362 ಮಂದಿ. ಅವರಲ್ಲಿ ಬಹಳಷ್ಟು ಜನ ಇಟಲಿ, ಪೋಲೆಂಡ್ ಕಡೆಯಿಂದ ಹೊಟ್ಟೆಪಾಡಿಗೆ ಬಂದ ವಲಸಿಗರು. ಎರಡು ವಾರ ಕಳೆಯುವುದರೊಳಗೆ, ಡಿಸೆಂಬರ್ 19ರಂದು, ಪೆನ್ಸಿಲ್ವೇನಿಯಾದ ಡಾರ್ ಗಣಿಯಲ್ಲಿ ಇನ್ನೊಂದು ಸ್ಫೋಟ: 239 ಸಾವು. ಆ ಒಂದು ವರ್ಷದಲ್ಲಿ ಅಮೆರಿಕದ ಕಲ್ಲಿದ್ದಲು ಗಣಿಗಳಲ್ಲಿ ಸತ್ತವರು 3,242 ಮಂದಿ. ಅದಕ್ಕೂ ಒಂದು ವರ್ಷ ಮೊದಲು, 1906ರ ಮಾರ್ಚ್‌ನಲ್ಲಿ, ಫ್ರಾನ್ಸಿನ ಕೂರಿಯೇರ್ ಗಣಿಯಲ್ಲಿ 1,099 ಜನ ಸತ್ತಿದ್ದರು.

ಕಾರಣವೇನು? ಗಣಿಯವರಲ್ಲಿ ಬಹುಪಾಲು ಮಂದಿ ಬೆರಳು ತೋರಿಸುತ್ತಿದ್ದುದು ಮೀಥೇನ್ ಅನಿಲದ ಕಡೆಗೆ. ಕಲ್ಲಿದ್ದಲಿನ ಪದರಗಳಲ್ಲಿ ಸಿಕ್ಕಿಕೊಂಡಿರುವ ಈ ಅನಿಲ ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಬೆರೆತಾಗ ಕಿಡಿ ತಗುಲಿದರೆ ಸಿಡಿಯುತ್ತದೆ. ಇದು ನಿಜವೇ. ಆದರೆ ಮೀಥೇನ್ ಹೆಚ್ಚಾಗಿ ಇಲ್ಲದ ಗಣಿಗಳಲ್ಲಿಯೂ ಬೆಂಕಿ ಕಿಲೋಮೀಟರ್‌ಗಟ್ಟಲೆ ಓಡಿದ್ದು ಹೇಗೆ?

ಉತ್ತರದ ಸುಳಿವು ಬಹಳ ಹಿಂದೆಯೇ ಸಿಕ್ಕಿತ್ತು. ವಿದ್ಯುತ್ಕಾಂತೀಯ ಪ್ರೇರಣೆಯ ಪಾಠದಲ್ಲಿ ನೀವು ಓದುವ ಮೈಕೆಲ್ ಫ್ಯಾರಡೆ ಅವರನ್ನು 1844ರಲ್ಲಿ ಇಂಗ್ಲೆಂಡಿನ ಸರ್ಕಾರ ಹ್ಯಾಸ್ವೆಲ್ ಎಂಬಲ್ಲಿ 95 ಜನ ಸತ್ತ ಗಣಿ ಸ್ಫೋಟದ ಪರಿಶೀಲನೆಗೆ ಕಳುಹಿಸಿತ್ತು. ಜೊತೆಗಿದ್ದವರು ಭೂವಿಜ್ಞಾನಿ ಚಾರ್ಲ್ಸ್ ಲಯೆಲ್. ಅನಿಲದ ಜೊತೆ ಕಲ್ಲಿದ್ದಲಿನ ಧೂಳೂ ಸ್ಫೋಟವನ್ನು ಬೆಳೆಸುತ್ತದೆ ಎಂದು ಅವರ ವರದಿ ಹೇಳಿತು. ಅರವತ್ತು ವರ್ಷ ಕಳೆದರೂ ಹೆಚ್ಚಿನ ಗಣಿ ಮಾಲೀಕರು ಅದನ್ನು ನಂಬಲಿಲ್ಲ. ಧೂಳು ಉರಿಯಬಹುದು, ಆದರೆ ಅನಿಲದ ಸಹಾಯವಿಲ್ಲದೆ ಧೂಳೊಂದೇ ಸಿಡಿಯಲಾರದು ಎಂಬುದು ಅವರ ವಾದ. ವಾದವನ್ನು ಮಾತಿನಿಂದ ಮುಗಿಸಲಾಗಲಿಲ್ಲ. ಪ್ರಯೋಗವೇ ಬೇಕಾಯಿತು.

ಸರ್ಕಾರ ಗಣಿಯನ್ನೇ ಪ್ರಯೋಗಾಲಯ ಮಾಡಿತು

ಮೊನೊಂಗಾದ ನಂತರ ಎದ್ದ ಜನಾಭಿಪ್ರಾಯದ ಒತ್ತಡದಿಂದ ಅಮೆರಿಕದ ಸಂಸತ್ತು 1910ರಲ್ಲಿ ಬ್ಯೂರೋ ಆಫ್ ಮೈನ್ಸ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿತು. ಮೊದಲ ನಿರ್ದೇಶಕರು ಜೋಸೆಫ್ ಹೋಮ್ಸ್. ಗಣಿಗಾರಿಕೆಯ ವಿಧಾನ, ಅದಿರಿನ ಸಂಸ್ಕರಣೆ, ಗಣಿ ಕಾರ್ಮಿಕರ ಸುರಕ್ಷತೆ ಇವು ಅದರ ವಿಷಯಗಳು. ಮುಂದಿನ ದಶಕಗಳಲ್ಲಿ ಈ ಸಂಸ್ಥೆ ಅದಿರಿನಿಂದ ರೇಡಿಯಂ ಬೇರ್ಪಡಿಸುವ ಕೆಲಸದಲ್ಲಿ ಪಾಲುಗೊಂಡಿತು. ಆರೆಗಾನ್ ರಾಜ್ಯದ ಆಲ್ಬನಿಯಲ್ಲಿದ್ದ ಅದರ ಪ್ರಯೋಗಾಲಯದಲ್ಲಿ ವಿಲಿಯಂ ಕ್ರೋಲ್ ಅವರು ಜಿರ್ಕೋನಿಯಂ ಲೋಹ ತಯಾರಿಸುವ ವಿಧಾನವನ್ನು ರೂಪಿಸಿದರು. ಅಣುಶಕ್ತಿಯ ಜಲಾಂತರ್ಗಾಮಿಗೆ ಬೇಕಾದ ಲೋಹ ಅದು. ಆದರೆ ಆ ಸಂಸ್ಥೆ ಹುಟ್ಟಿದ್ದು ಸಾವಿನ ಲೆಕ್ಕದಿಂದ, ಅದರ ಮೊದಲ ಕೆಲಸವೂ ಅದೇ.

ಪಿಟ್ಸ್‌ಬರ್ಗ್ ನಗರದ ದಕ್ಷಿಣಕ್ಕೆ ಬ್ರೂಸ್‌ಟನ್ ಎಂಬಲ್ಲಿ ಬ್ಯೂರೋ ಒಂದು ಗುಡ್ಡದೊಳಕ್ಕೆ ನಿಜವಾದ ಕಲ್ಲಿದ್ದಲು ಗಣಿಯನ್ನು ತೋಡಿಸಿತು. ಕಲ್ಲಿದ್ದಲು ಮಾರುವುದಕ್ಕಲ್ಲ, ಸ್ಫೋಟಿಸಿ ನೋಡುವುದಕ್ಕೆ. ಅದರ ಹೊಣೆ ಹೊತ್ತವರು ಮುಖ್ಯ ಗಣಿ ಎಂಜಿನಿಯರ್ ಜಾರ್ಜ್ ರೈಸ್. ಸುರಂಗದ ಉದ್ದಕ್ಕೂ ಹಲಗೆಗಳ ಮೇಲೆ ಕಲ್ಲಿದ್ದಲಿನ ಧೂಳನ್ನು ಹರಡುತ್ತಿದ್ದರು. ಒಳತುದಿಯಲ್ಲಿ ಒಂದು ಸಣ್ಣ ತೋಪಿನಿಂದ ಕರಿಮದ್ದು ಹಾರಿಸುತ್ತಿದ್ದರು. ಗೋಡೆಗಳಲ್ಲಿ ಅಲ್ಲಲ್ಲಿ ಹುದುಗಿಸಿದ ಉಪಕರಣಗಳು ಒತ್ತಡವನ್ನೂ ಜ್ವಾಲೆಯ ವೇಗವನ್ನೂ ದಾಖಲಿಸುತ್ತಿದ್ದವು.

1911ರ ಅಕ್ಟೋಬರ್ ಕೊನೆಯಲ್ಲಿ ಗಣಿ ಮಾಲೀಕರು, ಕಾರ್ಮಿಕರು, ತನಿಖಾಧಿಕಾರಿಗಳೆಲ್ಲರನ್ನೂ ಕರೆಸಿ ಅವರೆದುರೇ ಪ್ರಯೋಗ ಮಾಡಿದರು. ಸುರಂಗದ ಬಾಯಿಂದ ಬೆಂಕಿಯ ನಾಲಿಗೆ ಹೊರಚಾಚಿತು, ಗುಡ್ಡ ಗುಡುಗಿತು. ಅನಿಲವಿಲ್ಲದೆ ಧೂಳು ಸಿಡಿಯದು ಎನ್ನುತ್ತಿದ್ದವರು ಕಣ್ಣಾರೆ ಕಂಡರು.

ಒಂದು ಕಾಗದದಷ್ಟು ದಪ್ಪ

ಧೂಳಿನ ಸ್ಫೋಟ ನಡೆಯುವ ಕ್ರಮವನ್ನು ಆ ಪ್ರಯೋಗಗಳು ಸ್ಪಷ್ಟಪಡಿಸಿದವು. ಮೊದಲು ಎಲ್ಲೋ ಒಂದು ಸಣ್ಣ ಆರಂಭ ಬೇಕು. ಸ್ವಲ್ಪ ಮೀಥೇನ್ ಹೊತ್ತಿಕೊಳ್ಳಬಹುದು ಅಥವಾ ಬಂಡೆ ಒಡೆಯಲು ಇಟ್ಟ ಮದ್ದು ತಪ್ಪಾಗಿ ಹಾರಬಹುದು. ಅದರಿಂದ ಹೊರಟ ಗಾಳಿಯ ಒತ್ತಡದ ಅಲೆ ಜ್ವಾಲೆಗಿಂತ ಮುಂದೆ ಓಡುತ್ತದೆ. ಓಡುತ್ತಾ ನೆಲ, ಗೋಡೆ, ಚಾವಣಿಯ ಮೇಲೆ ಕೂತಿದ್ದ ಧೂಳನ್ನು ಎಬ್ಬಿಸುತ್ತದೆ. ಹಿಂದಿನಿಂದ ಬಂದ ಜ್ವಾಲೆಗೆ ಗಾಳಿಯಲ್ಲಿ ತೇಲುವ ಇಂಧನ ಸಿದ್ಧವಾಗಿರುತ್ತದೆ. ಅದು ಉರಿದು ಇನ್ನಷ್ಟು ಒತ್ತಡ, ಇನ್ನಷ್ಟು ಧೂಳು, ಇನ್ನಷ್ಟು ಜ್ವಾಲೆ. ಹೀಗೆ ಸ್ಫೋಟ ತನ್ನ ಇಂಧನವನ್ನು ತಾನೇ ಎಬ್ಬಿಸಿಕೊಳ್ಳುತ್ತಾ ಸಾಗುತ್ತದೆ. ಕೊನೆಗೆ ಉಳಿಯುವುದು ಆಮ್ಲಜನಕ ಕಡಿಮೆಯಾದ, ಕಾರ್ಬನ್ ಮಾನಾಕ್ಸೈಡ್ ತುಂಬಿದ ಗಾಳಿ. ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಬಲವಾಗಿ ಅಂಟಿಕೊಳ್ಳುತ್ತದೆ. ಬೆಂಕಿ ತಾಗದವರೂ ಸಾಯುವುದು ಇದರಿಂದ.

ಎಷ್ಟು ಧೂಳು ಇದ್ದರೆ ಅಪಾಯ? ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 60 ಗ್ರಾಂ ನಯವಾದ ಧೂಳು ತೇಲುತ್ತಿದ್ದರೆ ಸಾಕು ಎಂದಿಟ್ಟುಕೊಳ್ಳಿ. ಈಗ 3 ಮೀಟರ್ ಅಗಲ, 2 ಮೀಟರ್ ಎತ್ತರದ ಸುರಂಗವನ್ನು ಊಹಿಸಿ. ಅದರ ಒಂದು ಮೀಟರ್ ಉದ್ದದಲ್ಲಿ 6 ಘನ ಮೀಟರ್ ಗಾಳಿ ಇರುತ್ತದೆ. ಬೇಕಾದ ಧೂಳು 360 ಗ್ರಾಂ. ಅಷ್ಟೇ ಉದ್ದದ ನೆಲ, ಚಾವಣಿ ಮತ್ತು ಎರಡು ಗೋಡೆಗಳ ಒಟ್ಟು ವಿಸ್ತೀರ್ಣ 10 ಚದರ ಮೀಟರ್. ಅಂದರೆ ಪ್ರತಿ ಚದರ ಮೀಟರಿಗೆ 36 ಗ್ರಾಂ. ಸಡಿಲವಾಗಿ ಕೂತ ಧೂಳಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಅರ್ಧ ಗ್ರಾಂ ಎಂದು ಹಿಡಿದರೆ, ಆ ಪದರದ ದಪ್ಪ 0.072 ಮಿ.ಮೀ. ನೀವು ಈಗ ಕೈಯಲ್ಲಿ ಹಿಡಿದಿರುವ ಕಾಗದದ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಗೋಡೆಯ ಮೇಲೆ ಬೆರಳು ಎಳೆದರೆ ಗೆರೆ ಮೂಡುವಷ್ಟು ಧೂಳು ಒಂದು ಊರನ್ನೇ ಅನಾಥ ಮಾಡಬಲ್ಲದು.

ಮದ್ದು: ಸುಣ್ಣದ ಕಲ್ಲು

ಗಣಿಯಲ್ಲಿ ಧೂಳೇ ಏಳದಂತೆ ಮಾಡುವುದು ಅಸಾಧ್ಯ. ನೀರು ಸಿಂಪಡಿಸಿದರೂ ಒಣಗುತ್ತದೆ. ಇಂಗ್ಲೆಂಡ್, ಫ್ರಾನ್ಸ್‌ಗಳ ಪ್ರಯೋಗಕಾರರೂ ಬ್ರೂಸ್‌ಟನ್‌ನವರೂ ಕಂಡುಕೊಂಡ ಉಪಾಯ ಬಹಳ ಸರಳ: ಕಲ್ಲಿದ್ದಲಿನ ಧೂಳಿನ ಜೊತೆ ಉರಿಯದ ಕಲ್ಲಿನ ಪುಡಿಯನ್ನು ಬೆರೆಸಿಬಿಡುವುದು. ಹೆಚ್ಚಾಗಿ ಬಳಸುವುದು ಸುಣ್ಣದ ಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್.

ಒತ್ತಡದ ಅಲೆ ಬಂದಾಗ ಕಪ್ಪು ಧೂಳಿನ ಜೊತೆ ಬಿಳಿ ಪುಡಿಯೂ ಏಳುತ್ತದೆ. ಕಲ್ಲಿದ್ದಲಿನ ಕಣಗಳ ನಡುವೆ ನಿಂತು ಅದು ಶಾಖವನ್ನು ಹೀರಿಕೊಳ್ಳುತ್ತದೆ, ಒಂದು ಕಣದಿಂದ ಇನ್ನೊಂದಕ್ಕೆ ಹೋಗುವ ಉಷ್ಣ ವಿಕಿರಣಕ್ಕೆ ಅಡ್ಡವಾಗುತ್ತದೆ. ಮುಂದಿನ ಕಣ ಹೊತ್ತಿಕೊಳ್ಳುವ ತಾಪಮಾನ ತಲುಪುವುದಿಲ್ಲ. ಜ್ವಾಲೆ ಸೋತು ನಿಲ್ಲುತ್ತದೆ. ಕೊಲ್ಲಲು ಹೊರಟ ಗಾಳಿಯೇ ಮದ್ದನ್ನೂ ಎಬ್ಬಿಸಿ ಕೊಡುತ್ತದೆ ಎಂಬುದೇ ಈ ಉಪಾಯದ ಜಾಣತನ. ಮರಳಿನ ಪುಡಿ ಏಕೆ ಬೇಡ ಎಂದು ಕೇಳಬಹುದು. ಅದರಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಸೇರಿದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ಬರುತ್ತದೆ.

ಗೊತ್ತಿದ್ದರೆ ಸಾಲದು

ಇಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಬ್ಯೂರೋಗೆ ಸಂಶೋಧನೆ ಮಾಡುವ, ಸಲಹೆ ಕೊಡುವ ಅಧಿಕಾರವಿತ್ತು. ಆದೇಶ ಕೊಡುವ ಅಧಿಕಾರವಿರಲಿಲ್ಲ. ಗಣಿಯೊಳಗೆ ಹೋಗಿ ತಪಾಸಣೆ ಮಾಡುವ ಹಕ್ಕು ಅದರ ಅಧಿಕಾರಿಗಳಿಗೆ ಸಿಕ್ಕಿದ್ದೇ 1941ರಲ್ಲಿ. ಆಗಲೂ ವರದಿ ಬರೆಯಬಹುದಿತ್ತು, ಗಣಿ ಮುಚ್ಚಿಸುವಂತಿರಲಿಲ್ಲ.

ಇಲಿನಾಯ್ ರಾಜ್ಯದ ಸೆಂಟ್ರಾಲಿಯಾ ಗಣಿಯ ಸಂಗತಿ ಕೇಳಿ. ಅಲ್ಲಿ ಧೂಳು ಅತಿಯಾಗಿದೆ, ಕಲ್ಲಿನ ಪುಡಿ ಸಾಲದು ಎಂದು ತನಿಖಾಧಿಕಾರಿಗಳು ಮತ್ತೆ ಮತ್ತೆ ವರದಿ ಬರೆದಿದ್ದರು. 1946ರಲ್ಲಿ ಗಣಿಯ ಕಾರ್ಮಿಕ ಸಂಘದ ನಾಲ್ವರು ಸಹಿ ಮಾಡಿ, ನಮ್ಮ ಜೀವ ಉಳಿಸಿ ಎಂಬ ಅರ್ಥದ ಪತ್ರವನ್ನು ರಾಜ್ಯದ ಗವರ್ನರ್‌ಗೆ ಕಳುಹಿಸಿದರು. ಪತ್ರ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಯಿತು. 1947ರ ಮಾರ್ಚ್ 25ರಂದು ಗಣಿ ಸಿಡಿಯಿತು. 111 ಜನ ಸತ್ತರು. ಪತ್ರಕ್ಕೆ ಸಹಿ ಹಾಕಿದ್ದ ನಾಲ್ವರಲ್ಲಿ ಮೂವರು ಸತ್ತವರ ಪಟ್ಟಿಯಲ್ಲಿದ್ದರು. ವಿಷಾನಿಲ ತಮ್ಮ ಬಳಿ ಬರುವ ಮುನ್ನ ಕೆಲವರು ಮನೆಯವರಿಗೆ ಚೀಟಿ ಬರೆದಿಟ್ಟಿದ್ದರು.

ಗಮನಿಸಿ: ಬ್ರೂಸ್‌ಟನ್‌ನ ಪ್ರಯೋಗ ನಡೆದು ಆಗಲೇ 35 ವರ್ಷ ಕಳೆದಿತ್ತು. ಈ ಸಾವುಗಳಿಗೆ ಕಾರಣ ಅಜ್ಞಾನವಲ್ಲ. ಜ್ಞಾನ ವರದಿಯಲ್ಲಿತ್ತು, ಸುರಂಗದ ಗೋಡೆಯ ಮೇಲೆ ಇರಲಿಲ್ಲ.

1951ರಲ್ಲಿ ಅದೇ ರಾಜ್ಯದ ವೆಸ್ಟ್ ಫ್ರಾಂಕ್‌ಫರ್ಟ್ ಎಂಬಲ್ಲಿ ಮತ್ತೆ 119 ಸಾವು. ಮರುವರ್ಷ ಬಂದ ಕಾನೂನು ತನಿಖಾಧಿಕಾರಿಗಳಿಗೆ ಸ್ವಲ್ಪ ಬಲ ಕೊಟ್ಟಿತು. 1968ರಲ್ಲಿ ಫಾರ್ಮಿಂಗ್ಟನ್‌ನಲ್ಲಿ 78 ಜನ ಸತ್ತ ಮೇಲೆ 1969ರಲ್ಲಿ ಕಠಿಣ ಕಾನೂನು ಬಂತು. ಶುದ್ಧ ಗಾಳಿ ಒಳಬರುವ ಸುರಂಗಗಳ ಧೂಳಿನಲ್ಲಿ ಉರಿಯದ ಪದಾರ್ಥ ಕನಿಷ್ಠ ಶೇ. 65, ಗಾಳಿ ಹೊರಹೋಗುವ ಸುರಂಗಗಳಲ್ಲಿ ಕನಿಷ್ಠ ಶೇ. 80 ಇರಬೇಕೆಂದು ಅದು ವಿಧಿಸಿತು.

ಹಳೆಯ ಅಳತೆ, ಹೊಸ ಧೂಳು

1996ರಲ್ಲಿ ಸರ್ಕಾರಿ ವೆಚ್ಚ ಕಡಿತದ ಹೆಸರಿನಲ್ಲಿ ಬ್ಯೂರೋ ಆಫ್ ಮೈನ್ಸ್ ಅನ್ನೇ ಮುಚ್ಚಲಾಯಿತು. ಸುಮಾರು ಸಾವಿರ ಮಂದಿ ಕೆಲಸ ಕಳೆದುಕೊಂಡರು. ಸುರಕ್ಷತಾ ಸಂಶೋಧನೆಯ ವಿಭಾಗವನ್ನು ಮಾತ್ರ ಕೈಬಿಡದೆ, ಔದ್ಯೋಗಿಕ ಆರೋಗ್ಯದ ಸರ್ಕಾರಿ ಸಂಸ್ಥೆಯಾದ ನಿಯೋಶ್‌ಗೆ ಸೇರಿಸಿದರು. ಆ ವಿಭಾಗ ಉಳಿದದ್ದರಿಂದ ಆದ ಪ್ರಯೋಜನ ನೋಡಿ.

ಶೇ. 65 ಎಂಬ ಅಂಕಿ ಬಂದದ್ದು 1920ರ ದಶಕದ ಗಣಿಗಳ ಧೂಳಿನ ಆಧಾರದ ಮೇಲೆ. ಆಮೇಲೆ ಗಣಿಗಳಿಗೆ ದೊಡ್ಡ ಯಂತ್ರಗಳು ಬಂದವು. ಯಂತ್ರ ಕೊರೆದಾಗ ಏಳುವ ಧೂಳು ಹೆಚ್ಚು ನಯ. ನಯವಾದಷ್ಟೂ ಮೇಲ್ಮೈ ಹೆಚ್ಚು, ಮೇಲ್ಮೈ ಹೆಚ್ಚಿದಷ್ಟೂ ಅಪಾಯ ಹೆಚ್ಚು. ನಮ್ಮ ಮೊದಲ ಲೆಕ್ಕವನ್ನು ನೆನಪಿಸಿಕೊಳ್ಳಿ. ಸಂಶೋಧಕರು ಬೇರೆ ಬೇರೆ ಗಣಿಗಳ ಧೂಳನ್ನು ಮತ್ತೆ ಅಳೆದು, ಪೂರ್ಣ ಗಾತ್ರದ ಪ್ರಾಯೋಗಿಕ ಗಣಿಯಲ್ಲಿ ಮತ್ತೆ ಸ್ಫೋಟಿಸಿ ನೋಡಿ, ಎಲ್ಲ ಕಡೆಯೂ ಶೇ. 80 ಬೇಕು ಎಂದರು. ಇನ್ನೊಂದು ಸಂಗತಿಯೂ ತಿಳಿಯಿತು. 20 ಮಿ.ಮೀ. ದಪ್ಪ ಕಲ್ಲಿನ ಪುಡಿ ಹಾಸಿದ್ದರೂ ಅದರ ಮೇಲೆ 0.12 ಮಿ.ಮೀ. ಕಲ್ಲಿದ್ದಲು ಧೂಳು ಹೊಸದಾಗಿ ಕೂತರೆ ಸ್ಫೋಟ ಮುಂದುವರಿಯುತ್ತದೆ. ಅಂದರೆ ಕಲ್ಲಿನ ಪುಡಿಯನ್ನು ಒಮ್ಮೆ ಹಾಕಿ ಮರೆಯುವಂತಿಲ್ಲ. ಧೂಳು ಕೂರುತ್ತಿರುವವರೆಗೂ ಪುಡಿ ಎರಚುತ್ತಲೇ ಇರಬೇಕು.

ಈ ಸಂಶೋಧನೆ ನಿಯಮವಾಗುವ ಮೊದಲೇ, 2010ರ ಏಪ್ರಿಲ್ 5ರಂದು ವೆಸ್ಟ್ ವರ್ಜೀನಿಯಾದ ಅಪ್ಪರ್ ಬಿಗ್ ಬ್ರಾಂಚ್ ಗಣಿಯಲ್ಲಿ 29 ಜನ ಸತ್ತರು. ಸ್ವಲ್ಪ ಮೀಥೇನ್ ಹೊತ್ತಿಕೊಂಡು, ಕೂತಿದ್ದ ಧೂಳು ಅದನ್ನು ದೊಡ್ಡ ಸ್ಫೋಟವಾಗಿ ಬೆಳೆಸಿತು, ಕಲ್ಲಿನ ಪುಡಿ ಸಾಕಷ್ಟಿರಲಿಲ್ಲ ಎಂದು ಸರ್ಕಾರಿ ತನಿಖೆ ಹೇಳಿತು. ಅದೇ ವರ್ಷ ಶೇ. 80ರ ನಿಯಮ ಜಾರಿಗೆ ಬಂತು. ಧೂಳಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಕಾಯುವ ಬದಲು ಸ್ಥಳದಲ್ಲೇ ಪರೀಕ್ಷಿಸುವ ಕೈ ಉಪಕರಣವೂ ಬಂದಿದೆ. ಕಪ್ಪು ಮತ್ತು ಬಿಳಿ ಪುಡಿ ಬೆರೆತ ಬೂದು ಬಣ್ಣ ಎಷ್ಟು ಬೆಳಕನ್ನು ಪ್ರತಿಫಲಿಸುತ್ತದೆ ಎಂಬುದರಿಂದ ಅದು ಅಪಾಯವನ್ನು ಹೇಳುತ್ತದೆ.

ನಮಗೂ ಇದಕ್ಕೂ ಏನು ಸಂಬಂಧ?

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ಆದರೆ ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿಯಂಥ ಗಣಿಗಳಿಂದ ಕಲ್ಲಿದ್ದಲು ಬರುತ್ತದೆ. ನಾವು ಓದುವ ದೀಪದ ಬೆಳಕಿನಲ್ಲಿ ಯಾರೋ ಕಾರ್ಮಿಕನ ಪಾಲಿದೆ. ಭಾರತದಲ್ಲಿಯೂ 1965ರ ಮೇ 28ರಂದು, ಈಗಿನ ಜಾರ್ಖಂಡ್‌ನ ಧೋರಿ ಗಣಿಯಲ್ಲಿ ಧೂಳಿನ ಸ್ಫೋಟಕ್ಕೆ 268 ಜನ ಬಲಿಯಾದರು. ಧನಬಾದ್‌ನಲ್ಲಿ 1956ರಿಂದ ಕೇಂದ್ರ ಸರ್ಕಾರದ ಗಣಿ ಸಂಶೋಧನಾ ಸಂಸ್ಥೆ ಕೆಲಸ ಮಾಡುತ್ತಿದೆ. ನಮ್ಮ ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಾಗ ಅಲ್ಲಿಯ ಶತ್ರು ಧೂಳಿನ ಬೆಂಕಿಯಲ್ಲ, ಒತ್ತಡ ತಾಳದೆ ಬಂಡೆಗಳೇ ಸಿಡಿಯುವುದು. ಅಲ್ಲಿ 1988ರಲ್ಲಿ ಆರಂಭವಾದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ, 2001ರಲ್ಲಿ ಗಣಿ ಮುಚ್ಚಿದ ಮೇಲೂ ಸುರಂಗ, ಅಣೆಕಟ್ಟುಗಳ ಬಂಡೆಗಳನ್ನು ಅಧ್ಯಯನ ಮಾಡುತ್ತಿದೆ. ವಿಜ್ಞಾನದ ವಿದ್ಯಾರ್ಥಿಗಳೇ, ಇವು ನಿಮ್ಮಲ್ಲಿ ಕೆಲವರು ಮುಂದೆ ಕೆಲಸ ಮಾಡಬಹುದಾದ ಜಾಗಗಳು.

ಧೂಳಿನ ಸ್ಫೋಟ ಗಣಿಗೆ ಮಾತ್ರ ಸೀಮಿತವೂ ಅಲ್ಲ. ಹಿಟ್ಟಿನ ಗಿರಣಿ, ಮರದ ಕಾರ್ಖಾನೆ, ಸಕ್ಕರೆ ಕಾರ್ಖಾನೆಗಳಲ್ಲಿಯೂ ಇದೇ ವಿಜ್ಞಾನ. 2008ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಸಕ್ಕರೆಯ ಧೂಳು ಸಿಡಿದು 14 ಜನ ಸತ್ತರು. ನಾವು ಚಹಾಕ್ಕೆ ಹಾಕುವ ಸಕ್ಕರೆಯೇ ಅದು.

1907ರಲ್ಲಿ ಮೂರು ಸಾವಿರ ದಾಟಿದ್ದ ಅಮೆರಿಕದ ಕಲ್ಲಿದ್ದಲು ಗಣಿಗಳ ವಾರ್ಷಿಕ ಸಾವು 2020ರಲ್ಲಿ 5ಕ್ಕೆ ಇಳಿದಿತ್ತು. ಗಣಿಗಳೂ ಕಾರ್ಮಿಕರೂ ಕಡಿಮೆಯಾದದ್ದು ಇದಕ್ಕೆ ಒಂದು ಕಾರಣ. ಪ್ರಯೋಗ, ನಿಯಮ ಮತ್ತು ಪ್ರತಿ ಪಾಳಿಯಲ್ಲಿ ಪುಡಿ ಎರಚುವ ಕೈಗಳು ಇನ್ನೊಂದು ಕಾರಣ. ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ನಿಷ್ಫಲ.

ನಮ್ಮ ಪ್ರಯೋಗಾಲಯದ ಗೋಡೆಯ ಮೇಲೆಯೂ ಸುರಕ್ಷತಾ ನಿಯಮಗಳ ಪಟ್ಟಿ ತೂಗುತ್ತಿದೆ. ವರ್ಷದ ಮೊದಲ ದಿನ ಅದನ್ನು ಓದುತ್ತೇವೆ. ಆಮೇಲೆ ಅದರ ಮೇಲೂ ಧೂಳು ಕೂರುತ್ತದೆ. ಮುಂದಿನ ಸಲ ಪ್ರಯೋಗಕ್ಕೆ ಹೋದಾಗ ಒಮ್ಮೆ ಆ ಧೂಳನ್ನು ಒರೆಸಿ ಓದಿ. ಅಲ್ಲಿರುವ ಒಂದೊಂದು ಸಾಲಿನ ಹಿಂದೆಯೂ ಎಲ್ಲೋ ಯಾರೋ ತೆತ್ತ ಬೆಲೆ ಇದೆ.

ಅಭ್ಯಾಸಕ್ಕೆ

1. 2 ಸೆಂ.ಮೀ. ಅಂಚಿನ ಘನವನ್ನು 0.05 ಮಿ.ಮೀ. ಅಂಚಿನ ಘನಗಳಾಗಿ ಮಾಡಿದರೆ ಮೇಲ್ಮೈ ಎಷ್ಟು ಪಟ್ಟು ಹೆಚ್ಚುತ್ತದೆ?

2. ಸುರಂಗದ ಅಗಲ 5 ಮೀಟರ್, ಎತ್ತರ 2 ಮೀಟರ್ ಆದರೆ ಅಪಾಯಕಾರಿ ಧೂಳಿನ ಪದರದ ದಪ್ಪ ಎಷ್ಟು? ಮೇಲಿನ ಲೆಕ್ಕಕ್ಕೆ ಹೋಲಿಸಿ.

3. 100 ಕಿಲೋ ಕಲ್ಲಿದ್ದಲು ಧೂಳಿಗೆ ಎಷ್ಟು ಕಿಲೋ ಕಲ್ಲಿನ ಪುಡಿ ಬೆರೆಸಿದರೆ ಪುಡಿಯ ಪಾಲು ಶೇ. 65 ಆಗುತ್ತದೆ? ಶೇ. 80 ಆಗಲು ಎಷ್ಟು ಬೇಕು? (ಕಲ್ಲಿದ್ದಲಿನಲ್ಲಿರುವ ಬೂದಿ, ತೇವಾಂಶವನ್ನು ಬಿಟ್ಟುಬಿಡಿ.) ಶೇಕಡಾ ಅಂಕಿ 15 ಹೆಚ್ಚಿದಾಗ ಪುಡಿ ದುಪ್ಪಟ್ಟಿಗೂ ಹೆಚ್ಚು ಬೇಕಾಗುವುದು ಏಕೆ?

4. ಕಲಾ ಮತ್ತು ವಾಣಿಜ್ಯ ವಿದ್ಯಾರ್ಥಿಗಳಿಗೆ: ಸಲಹೆ ಕೊಡುವ ಸಂಸ್ಥೆಗೆ ಆದೇಶ ಕೊಡುವ ಅಧಿಕಾರವೂ ಇರಬೇಕೇ? ಸೆಂಟ್ರಾಲಿಯಾದ ಘಟನೆಯನ್ನು ಮುಂದಿಟ್ಟುಕೊಂಡು ಒಂದು ಪುಟ ಬರೆಯಿರಿ.